ತರಕಾರಿ ಹಾಡಿನ ಮಾಸ್ಟರ್

ಆ ಹಾಡಿನ ಅರ್ಥವನ್ನು ಅವರಿಗೆ ಹೇಳಿದವಳು ನಾನು. ಬಾಯಿ ಮುಚ್ಚಿಕೊಂಡು ಸುಮ್ಮನಿದ್ದಿದ್ದರೆ, ರಿಟೈರಾಗಿ ಎಷ್ಟೋ ವರ್ಷ ಕಳೆದಿದ್ದ ಒಬ್ಬ ಮರ್ಯಾದಸ್ಥ ಮನುಷ್ಯ ಮೂರು ಭಾನುವಾರ ಭದ್ರಾವತಿ, ಶಿವಮೊಗ್ಗಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ, "ನೀವಿಬ್ರೂ ಚೆನ್ನಾಗಿದ್ದೀರಾ?" ಎಂದು ಕೇಳುತ್ತ ತಿರುಗುವ ಪ್ರಸಂಗ ಬರುತ್ತಿರಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಭದ್ರಾವತಿಯಲ್ಲಿ ನಡೆದ ಸಂತಾಪ ಸಭೆಯಲ್ಲಿ ಅವರ ಕಂಠದ ಬಗ್ಗೆ, ಸರಳತೆಯ ಬಗ್ಗೆ, ಸಮಯಪಾಲನೆಯ ಬಗ್ಗೆ ಮಾತಾಡಿದರು. ಸಮಯಪಾಲನೆ ಎಂದಾಗ ಆರ್ಕೆಸ್ಟ್ರಾದ ಹಳಬರೆಲ್ಲ ತಲೆ ತಗ್ಗಿಸಿ ನಗು ನುಂಗಿದೆವು. ಆ ಮೂರು ಭಾನುವಾರಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಅವರ ಜೊತೆ ತಿರುಗಿದವಳು ನಾನೊಬ್ಬಳು, ನನಗೆ ಮೈಕ್ ಕೊಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ನಾವೆಲ್ಲ ಮಾಸ್ಟರ್ ಎನ್ನುತ್ತಿದ್ದೆವು. ಹಗಲು ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್, ಮದುವೆಯ ಸೀಸನ್ನಿನಲ್ಲಿ ಆರ್ಕೆಸ್ಟ್ರಾದ ಮುಖ್ಯ ಗಾಯಕ. ಕ್ರೇನಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಎತ್ತರದಲ್ಲಿ ಕುಳಿತು, ಕೆಳಗಿನವರಿಗೆ ಕೇಳಿಸಲೆಂದು ಕೂಗಿ ಕೂಗಿ ಅವರ ದನಿ ಬೆಳೆದಿತ್ತು. ಪಿಸುಮಾತು ಎನ್ನುವುದು ಅವರಿಗೆ ಬರುತ್ತಲೇ ಇರಲಿಲ್ಲ. "ಒಂದು ಗುಟ್ಟು ಹೇಳ್ತೀನಿ ಕೇಳು ಮಾರಾಯ್ತಿ" ಎಂದು ಅವರು ಶುರುಮಾಡಿದರೆ ಪಕ್ಕದ ಕ್ವಾರ್ಟರ್ಸಿನವರು ಟಿವಿ ಸದ್ದು ಕಡಿಮೆ ಮಾಡುತ್ತಿದ್ದರು.

ನಾನು ಅವರ ಆರ್ಕೆಸ್ಟ್ರಾಕ್ಕೆ ಸೇರಿದ್ದು ಬಿ.ಕಾಂ. ಎರಡನೇ ವರ್ಷದಲ್ಲಿ. ಕೀಬೋರ್ಡ್ ನುಡಿಸುತ್ತಿದ್ದವನು ಬೇರೆ ಊರಿಗೆ ಹೋದನೆಂದು ಯಾರೋ ನನ್ನ ಹೆಸರು ಹೇಳಿದ್ದರು. ಅವರ ಮನೆಯ ಮಂಚದ ಮೇಲೆ ಕೀಬೋರ್ಡ್ ಇಟ್ಟು ನುಡಿಸಲು ಹೇಳಿದರು. ನನಗೆ ಬರುತ್ತಿದ್ದ ಎರಡು ದೇವರನಾಮ ನುಡಿಸಿದೆ. ಲವಂಗ ಅಗಿಯುತ್ತ ಕೇಳಿದರು.

"ಬೆರಳು ಪಾಸು. ಮುಖ ಫೇಲು. ಇದು ಮದುವೆ ಮನೆ ಮಾರಾಯ್ತಿ, ಸಪ್ಲಿಮೆಂಟರಿ ಎಕ್ಸಾಮ್ ಅಲ್ಲ. ನಗು!"

ಆವತ್ತು ಕಾಫಿ ತಂದುಕೊಟ್ಟವರು ಅವರ ಹೆಂಡತಿ. ಅವರನ್ನು ನಾನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆದೆ. "ನಗದಿದ್ರೂ ಪರ್ವಾಗಿಲ್ಲ ಕಣಮ್ಮ, ಕಾಫಿ ಕುಡಿ" ಎಂದರು.

ಮಾಸ್ಟರು ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಹಾಡುತ್ತಿದ್ದರು. ಭದ್ರಾವತಿಯ ಕಾರ್ಖಾನೆ ಕಾಲೋನಿಯಲ್ಲಿ ಹಾಡಿ ಬದುಕಬೇಕಾದರೆ ಅಷ್ಟಾದರೂ ಬರಬೇಕು. ಆದರೆ ಜನ ಅವರನ್ನು ಕರೆಸುತ್ತಿದ್ದುದು ಒಂದೇ ಒಂದು ಇಂಗ್ಲಿಷ್ ಹಾಡಿಗಾಗಿ. ಅವರಿಗೆ ಬರುತ್ತಿದ್ದುದೂ ಅದೊಂದೇ ಇಂಗ್ಲಿಷ್ ಹಾಡು. ನಿಜ ಹೇಳಬೇಕೆಂದರೆ, ಅವರಿಗೆ ಬರುತ್ತಿದ್ದ ಇಂಗ್ಲಿಷೇ ಅದೊಂದು.

ಅದರ ಕಥೆ ಹೀಗೆ. ಅವರಿಗೆ ಮದುವೆಯಾಗುವ ಮುಂಚೆ, ಕಾರ್ಖಾನೆಗೆ ಯಾವುದೋ ಯಂತ್ರ ಕೂರಿಸಲು ವಿದೇಶದಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಹೋಗುವಾಗ ಒಂದು ಕ್ಯಾಸೆಟ್ ಬಿಟ್ಟುಹೋದ. ಮೇಲಿನ ಚೀಟಿ ಹರಿದಿತ್ತು, ಟೇಪು ಅರ್ಧ ಸುಕ್ಕಾಗಿತ್ತು. ಸರಿಯಾಗಿ ಕೇಳುತ್ತಿದ್ದುದು ಒಂದೇ ಹಾಡು. ಯಾರು ಹಾಡಿದ್ದು, ಹಾಡಿನ ಹೆಸರೇನು, ಒಂದೂ ಗೊತ್ತಿಲ್ಲ. ಹರಿದ ಚೀಟಿಯಲ್ಲಿ ಉಳಿದಿದ್ದ ಒಂದೇ ಪದ 'ಸೋಲ್'. ಮಾಸ್ಟರು ಟೇಪನ್ನು ಪೆನ್ಸಿಲಿನಿಂದ ತಿರುಗಿಸಿ ತಿರುಗಿಸಿ, ಕೇಳಿಸಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಆ ಹಾಳೆಯನ್ನು ನಾನು ನೋಡಿದ್ದೇನೆ. ಪಲ್ಲವಿ ಹೀಗಿತ್ತು: 'ಯೋ ತರಂಕಾರಿ ಪೋರ್ತಿ ಬೇಬೀ, ಬೀಪರೇ ರೈನ್ನೀ.'

ಮದುವೆ ಮನೆಯ ಮೈಕಿನಲ್ಲಿ ಅದು ಜನರಿಗೆ ಕೇಳಿಸುತ್ತಿದ್ದುದು 'ತರಕಾರಿ ಪೂರ್ತಿ ಬೇಬಿ, ಬೀಗರೇ ಬನ್ನಿ' ಎಂದು. ಇಂಗ್ಲಿಷ್ ಹಾಡಿನಲ್ಲಿ ಬೀಗರನ್ನು ಇಷ್ಟು ಮರ್ಯಾದೆಯಿಂದ ಕರೆಯುತ್ತಾರಲ್ಲ ಎಂದು ಗಂಡಿನ ಕಡೆಯವರಿಗೆ ಬಹಳ ಸಂತೋಷವಾಗುತ್ತಿತ್ತು. ಆ ಸಾಲು ಬಂದಾಗ ಬೀಗರು ಎದ್ದು ನಿಂತು ಕುಣಿಯುವುದು ಒಂದು ಪದ್ಧತಿಯೇ ಆಗಿಹೋಯಿತು. ಕೊನೆಯ ಚರಣಕ್ಕೆ ಮಾಸ್ಟರು ಧೊಪ್ಪನೆ ಮಂಡಿಯೂರಿ ಕುಸಿಯುತ್ತಿದ್ದರು. ಪ್ಯಾಂಟಿನ ಒಳಗೆ ಮಂಡಿಯ ಹತ್ತಿರ ಜಮಖಾನದ ತುಂಡು ಹೊಲಿಸಿಕೊಂಡಿದ್ದರು; ಅದು ಗೊತ್ತಿಲ್ಲದ ಅಜ್ಜಿಯರು "ಅಯ್ಯೋ ಪಾಪ, ಬಿದ್ರು!" ಎಂದು ನೀರು ತರಿಸುತ್ತಿದ್ದರು.

ಒಂದು ಸಲ ಹೆಣ್ಣಿನ ಸೋದರಮಾವನೊಬ್ಬ ತಕರಾರು ತೆಗೆದ. "ಇದು ಸೋಲಿನ ಹಾಡಂತಲ್ರೀ? ಶುಭಕಾರ್ಯದಲ್ಲಿ ಸೋಲಿನ ಹಾಡು ಯಾಕೆ? ಗೆಲುವಿನ ಹಾಡು ಹೇಳಿ."

ಮಾಸ್ಟರು ಒಂದು ಕ್ಷಣವೂ ತಡಮಾಡಲಿಲ್ಲ. "ಮದುವೇಲಿ ಗಂಡು ಸೋಲ್ಬೇಕು ಸ್ವಾಮಿ. ಆಗ್ಲೇ ಮನೆ ಗೆಲ್ಲೋದು." ಸೋದರಮಾವ ಚಪ್ಪಾಳೆ ಹೊಡೆದ. ಎರಡು ಸಲ ಒನ್ಸ್ ಮೋರ್ ಆಯಿತು.

ಹಾಡು ಅವರ ಕೈತಪ್ಪಿ ಊರೂರು ತಿರುಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೊದಲು ಕದ್ದವರು ಭದ್ರಾವತಿಯ ಬ್ಯಾಂಡ್‌ಸೆಟ್‌ನವರು. ದಿಬ್ಬಣಕ್ಕೆ ಜೋರಾಗಿ, ಅಂತ್ಯಯಾತ್ರೆಗೆ ನಿಧಾನವಾಗಿ, ಎರಡಕ್ಕೂ ಅದನ್ನೇ ಬಾರಿಸತೊಡಗಿದರು. ಮಾಸ್ಟರು ಜಗಳಕ್ಕೆ ಹೋದರೆ, ಕಾರ್ನೆಟ್ ಊದುವವನು ತನ್ನ ತಮಿಳುಗನ್ನಡದಲ್ಲಿ, "ಅದು ನಮ್ದು ಸಾರ್. ನಮ್ ತಾತ ಕಾಲದಿಂದ ಇರೋ ಪಾಟ್ಟು. ನೀವೇ ನಮ್ ಹತ್ರ ಕಲ್ತಿರೋದು" ಎಂದು ಅವರಿಗೇ ದಬಾಯಿಸಿದ. ಮಾಸ್ಟರಿಗೆ ಎಷ್ಟು ಗೊಂದಲವಾಯಿತೆಂದರೆ ಮನೆಗೆ ಬಂದು ಕ್ಯಾಸೆಟ್ ತೆಗೆದು ನೋಡಿಕೊಂಡರಂತೆ.

ಆಮೇಲೆ ನಾನು ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದೆ. ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು, ಆರ್ಕೆಸ್ಟ್ರಾ ಬಿಟ್ಟುಹೋಯಿತು. ಒಂದು ಸಂಜೆ ಪಕ್ಕದ ಬೀದಿಯ ಮಹಿಳಾ ಭಜನಾ ಮಂಡಳಿಯವರು ನಮ್ಮ ಮನೆಯ ಪೂಜೆಗೆ ಬಂದು ತಾಳ ಹಾಕಿಕೊಂಡು 'ಕರುಣಾಕರ ಮೂರ್ತಿ ಸ್ವಾಮೀ, ಬೇಗನೇ ಬಾರೋ' ಎಂದು ಹಾಡುತ್ತಿದ್ದರು. ಕೈಯಲ್ಲಿದ್ದ ಮಂಗಳಾರತಿ ತಟ್ಟೆ ಬೀಳುವುದೊಂದು ಬಾಕಿ. ಅದೇ ತರಕಾರಿ! ಅಧ್ಯಕ್ಷೆಯನ್ನು ಕೇಳಿದರೆ, "ಹಳೇ ಸಂಪ್ರದಾಯದ ಧಾಟಿ ಕಣ್ರೀ" ಎಂದರು. ಫೋನಿನಲ್ಲಿ ಮಾಸ್ಟರಿಗೆ ಹೇಳಿದೆ. "ದೇವ್ರು ಎದ್ದು ಕುಣಿದ್ನಾ?" ಎಂದು ಕೇಳಿದರು, ಅಷ್ಟೇ.

ಕೊನೆಯದಾಗಿ ಬಂದದ್ದು ಕಸದ ಗಾಡಿ. ಬೆಳಿಗ್ಗೆ ನಮ್ಮ ಬೀದಿಗೆ ಬರುವ ಕಸದ ಆಟೋದವನು ಮೈಕಿನಲ್ಲಿ ಹಾಡು ಹಾಕಿಕೊಂಡು ಬರುತ್ತಾನೆ. ಒಂದು ದಿನ ಅದೇ ಧಾಟಿಯಲ್ಲಿ ಹೊಸ ಹಾಡು: 'ಹಸಿಕಸ ಬೇರೆ ತಾಯೀ, ಬಾಗಿಲಿಗೆ ತನ್ನೀ.' ಯಾರೋ ಆರ್ಕೆಸ್ಟ್ರಾದ ಹುಡುಗರು ಮಾಡಿಕೊಟ್ಟದ್ದಂತೆ. ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿದ್ದವಳಿಗೆ ಆವತ್ತು ಒಂದು ಹುಕಿ ಬಂತು. ಗುನುಗಿದರೆ ಹಾಡನ್ನು ಹುಡುಕಿಕೊಡುವ ಸೌಲಭ್ಯ ಈಗ ಫೋನಿನಲ್ಲೇ ಇದೆಯಲ್ಲ. ಕಸ ಹಾಕಿ ಬಂದು ಗುನುಗಿದೆ.

ಸಿಕ್ಕಿಬಿಟ್ಟಿತು.

ಅಡುಗೆಮನೆಯಲ್ಲೇ ಕೂತು ಎಲ್ಲವನ್ನೂ ಕೇಳಿದೆ. ನಮ್ಮ ಮಾಸ್ಟರ ಕ್ಯಾಸೆಟ್ಟಿನಲ್ಲಿದ್ದುದೂ ಅಸಲಿ ಹಾಡಲ್ಲ, ನಕಲು! ಮೊದಲು ಹಾಡಿದ್ದು ಅಮೆರಿಕದ ಒಬ್ಬ ಕಪ್ಪು ಹೆಂಗಸು. ಅಲ್ಲಿಯ ಕಪ್ಪು ಜನರ ಚರ್ಚಿನ ಭಜನೆ ಬೀದಿಗೆ ಬಂದು, ಪ್ರೀತಿ ಜಗಳಗಳ ಹಾಡಾದಾಗ ಅದಕ್ಕೆ ಸೋಲ್ ಎಂದು ಹೆಸರಾಯಿತಂತೆ. ಸೋಲ್ ಅಂದರೆ ಆತ್ಮ. ಆಕೆ ಅದನ್ನು ಬಹಳ ನಿಧಾನವಾಗಿ, ಬರೀ ಆರ್ಗನ್ ಇಟ್ಟುಕೊಂಡು ಹಾಡಿದ್ದಳು. ಯಾರೂ ಕೇಳಲಿಲ್ಲ. ಆಮೇಲೆ ಒಬ್ಬ ಗಂಡಸು ಅದಕ್ಕೆ ಟ್ರಂಪೆಟ್ ಸೇರಿಸಿ ಓಡಿಸಿ ಹಾಡಿದ. ಅದು ಓಡಿತು, ನಮ್ಮ ಎಂಜಿನಿಯರನ ಜೇಬಿನವರೆಗೂ. ಆಮೇಲೆ ಗಿಟಾರು ಹಿಡಿದ ನಾಲ್ವರು ಕಿರುಚಿದ್ದಾರೆ, ಯಾವುದೋ ಹೋಟೆಲಿನವನು ಮಾತಿಲ್ಲದೆ ಪಿಯಾನೋದಲ್ಲಿ ನುಡಿಸಿದ್ದಾನೆ, ಯೂನಿಫಾರ್ಮ್ ಹಾಕಿದ ಶಾಲೆಯ ಮಕ್ಕಳು ನಗುನಗುತ್ತಾ ಕೋರಸ್ ಹಾಡಿದ್ದಾರೆ. ಭದ್ರಾವತಿಯ ಮಾತು ಎಲ್ಲೂ ಇಲ್ಲ.

ತರಂಕಾರಿ ಎಂದರೆ ಟ್ರಂಕು, ಪೋರ್ತಿ ಎಂದರೆ ಪೋರ್ಚು; ಪಲ್ಲವಿಯ ಅರ್ಥ ಇಷ್ಟು: 'ನಿನ್ನ ಟ್ರಂಕು ಜಗಲಿಯ ಮೇಲಿಟ್ಟಿದ್ದೇನೆ, ಬೇಬಿ. ಮಳೆ ಬರುವ ಮುಂಚೆ ತಗೊಂಡು ಹೊರಡು.' ಬೀಗರೇ ಬನ್ನಿ ಅಲ್ಲ. ಮನೆಯಿಂದ ಆಚೆ ಹಾಕುವ ಹಾಡು. ನಾನು ಲೆಕ್ಕಹಾಕಿ ನೋಡಿದೆ: ಇಷ್ಟು ನಕಲುಗಳಲ್ಲಿ ಮೂಲಕ್ಕೆ ತೀರಾ ಹತ್ತಿರವಾದದ್ದು ನಮ್ಮ ಕಸದ ಗಾಡಿಯದೇ.

ಆ ಭಾನುವಾರವೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಹಾಡು ಕೇಳಿಸಿದೆ. ಮಾಸ್ಟರು ಕುರ್ಚಿಯಿಂದ ಎದ್ದೇಬಿಟ್ಟರು.

"ಅದೇ! ಅದೇ ಟ್ರಂಪೆಟ್! ನಾನು ಇಷ್ಟ್ ವರ್ಷ ಅದನ್ನ ಬಾಯಲ್ಲಿ ಪೀ ಪೀ ಅಂತ ಮಾಡ್ತಿದ್ದೆ ನೋಡು!" ಕಣ್ಣಲ್ಲಿ ನೀರಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಲೈಬ್ರರಿಯವಳ ಚಟ, ನಾನು ಅರ್ಥವನ್ನೂ ಹೇಳಿದೆ.

ಅವರು ಲವಂಗ ಅಗಿಯುವುದನ್ನು ನಿಲ್ಲಿಸಿದರು. "ಅಂದ್ರೆ... ಮದುಮಗಳು ಆರತಕ್ಷತೆಗೆ ಬಂದು ನಿಂತಾಗ ನಾನು..."

"ಟ್ರಂಕು ತಗೊಂಡು ಹೊರಡು ಅಂತ ಹಾಡಿದ್ದೀರಿ ಮಾಸ್ಟರ್."

"ಮಂಡಿಯೂರಿ?"

"ಮಂಡಿಯೂರಿ."

ಜೀವನದಲ್ಲಿ ಮೊದಲ ಬಾರಿಗೆ ಅವರು ಪಿಸುಗುಟ್ಟಿದ್ದನ್ನು ಕೇಳಿದೆ. "ಎಷ್ಟ್ ಜನಕ್ಕೆ ಶಾಪ ಹಾಕಿದೀನಿ ಮಾರಾಯ್ತಿ?"

ನಾನು ನಕ್ಕೆ. ಅವರು ನಗಲಿಲ್ಲ. ಒಳಗೆ ಹೋಗಿ ಒಂದು ದಪ್ಪ ನೋಟ್‌ಬುಕ್ ತಂದರು. ಹಾಡಿದ ಪ್ರತಿ ಮದುವೆಯ ವಿವರ ಅದರಲ್ಲಿತ್ತು: ವಧು-ವರರ ಹೆಸರು, ಛತ್ರ, ಎಷ್ಟು ಒನ್ಸ್ ಮೋರ್, ಊಟಕ್ಕೆ ಏನು ಸಿಹಿ. ಕೆಲವು ಕಡೆ 'ಹೋಳಿಗೆ ಮುಗಿದಿತ್ತು' ಎಂದು ಕೆಂಪು ಶಾಯಿಯ ಷರಾ. "ಎಲ್ರನ್ನೂ ನೋಡಕ್ಕಾಗಲ್ಲ. ಸಿಕ್ಕವರನ್ನ ನೋಡ್ಕೊಂಡು ಬರೋಣ. ಒಂದು ಸಂಸಾರ ಆದ್ರೂ ನನ್ನಿಂದ ಹಾಳಾಗಿದ್ರೆ ಕ್ಷಮೆ ಕೇಳ್ಬೇಕು. ನೀನೂ ಬಾ. ಕೀಬೋರ್ಡ್ ನುಡಿಸಿದೋಳು ನೀನು, ನಿಂಗೂ ಪಾಲಿದೆ."

ಹೀಗೆ ಶುರುವಾಯಿತು ನಮ್ಮ ತನಿಖೆ.

ಮೊದಲ ಮನೆ ಹಳೇ ಭದ್ರಾವತಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದಂಪತಿಯದು. ನಾವು ಹೋದಾಗ ಗಂಡಹೆಂಡತಿ ಅಂಗಡಿಯಲ್ಲೇ ದೊಡ್ಡ ದನಿಯಲ್ಲಿ ಜಗಳವಾಡುತ್ತಿದ್ದರು. ಬೆಲ್ಲದ ಡಬ್ಬಿಯ ಮುಚ್ಚಳ ಯಾರು ತೆಗೆದಿಟ್ಟದ್ದು ಎಂಬ ವಿಷಯ. ಮಾಸ್ಟರು ಕಂಬ ಹಿಡಿದುಕೊಂಡರು.

"ಅಮ್ಮಾ, ಈ ಜಗಳ ಯಾವಾಗಿಂದ?"

"ಮದುವೆ ಆದ ದಿನದಿಂದ ಸಾರ್!" ಎಂದಳು ಹೆಂಡತಿ.

ಮಾಸ್ಟರು ಕೈಮುಗಿದು, ಟ್ರಂಕಿನ ಕಥೆಯನ್ನೆಲ್ಲ ಹೇಳಿ, ತಪ್ಪು ತಮ್ಮದು ಎಂದರು. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಒಂದಾಗಿ ಮಾಸ್ಟರ ಮೇಲೆ ಬಿದ್ದರು. "ನಮ್ ಜಗಳಕ್ಕೆ ನೀವ್ಯಾರ್ರೀ ಕಾರಣ ಆಗಕ್ಕೆ? ನಾವು ಸ್ವಂತ ಕಷ್ಟಪಟ್ಟು ಆಡ್ತಿರೋದು!" ಎಂದು ಗಂಡ ಕೂಗಿದ. "ಮತ್ತೆ!" ಎಂದು ಹೆಂಡತಿ ಸೇರಿಸಿದಳು. ಬರುವಾಗ ಇಬ್ಬರೂ ಸೇರಿ ನಮಗೊಂದು ಅಚ್ಚು ಬೆಲ್ಲ ಕೊಟ್ಟರು.

ಇನ್ನೊಂದು ಮನೆಗೆ ಬೀಗ. ಪಕ್ಕದ ಮನೆಯಾಕೆ, "ಅವ್ರಿಬ್ರೂ ಬೇರೆ ಬೇರೆ ಆಗಿ ಹೋದ್ರಲ್ಲ" ಎಂದಳು. ಮಾಸ್ಟರು ಮೆಟ್ಟಿಲ ಮೇಲೆ ಕುಸಿದರು. ಈ ಸಲ ಮಂಡಿಯಲ್ಲಿ ಜಮಖಾನವೂ ಇರಲಿಲ್ಲ. "ಯಾವಾಗಮ್ಮಾ?" ಎಂದರು. "ಈಗೊಂದು ಅರ್ಧ ಗಂಟೆ ಆಯ್ತು. ಅವ್ರು ಕಟಿಂಗ್ ಶಾಪಿಗೆ, ಇವ್ಳು ಸಂತೆಗೆ."

ಎರಡು ಭಾನುವಾರದಲ್ಲಿ ಹನ್ನೊಂದು ಮನೆ ನೋಡಿದೆವು. ಎಲ್ಲರೂ ಅವರವರ ಮಟ್ಟಿಗೆ ಚೆನ್ನಾಗಿಯೇ ಇದ್ದರು. ಹನ್ನೊಂದು ಮನೆಯಲ್ಲೂ ತಿಂಡಿ ಕೊಟ್ಟರು. ಮಾಸ್ಟರು ನೋಟ್‌ಬುಕ್ಕಿನಲ್ಲಿ ಹೆಸರಿನ ಪಕ್ಕ ಗುರುತು ಹಾಕುತ್ತ, "ಶಾಪ ತಟ್ಟಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು" ಎಂದು ಬರೆದುಕೊಳ್ಳುತ್ತಿದ್ದರು.

ಮೂರನೆಯ ಭಾನುವಾರ ಶಿವಮೊಗ್ಗದ ವಿದ್ಯಾನಗರ. ನೋಟ್‌ಬುಕ್ಕಿನಲ್ಲಿದ್ದ ವಧುವೊಬ್ಬಳು ಅಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಾಳೆ. ಕತ್ತಿನಲ್ಲಿ ಟೇಪು, ಬಾಯಲ್ಲಿ ಗುಂಡುಪಿನ್ನು. ಮಾಸ್ಟರನ್ನು ನೋಡಿದ ತಕ್ಷಣ ಗುರುತು ಹಿಡಿದಳು. "ತರಕಾರಿ ಹಾಡಿನ ಸಾರ್ ಅಲ್ವಾ!"

"ಯಜಮಾನ್ರು ಹೇಗಿದ್ದಾರಮ್ಮಾ?"

ಆಕೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. "ಗೊತ್ತಿಲ್ಲ ಸಾರ್. ಡೈವೋರ್ಸ್ ಆಗಿ ಆರು ವರ್ಷ ಆಯ್ತು."

ನನಗೆ ಎದ್ದು ಓಡಿಹೋಗಬೇಕೆನ್ನಿಸಿತು. ಮಾಸ್ಟರು ಓಡಲಿಲ್ಲ. ಎದ್ದು ನಿಂತು, ಕೈಮುಗಿದು, ಒಂದಕ್ಷರ ಬಿಡದೆ ಎಲ್ಲ ಹೇಳಿದರು. ಟ್ರಂಕು, ಜಗಲಿ, ಮಳೆ. "ನಿಮ್ಮನ್ನ ಮನೆಯಿಂದ ಆಚೆ ಹಾಕಿದ್ರೆ ಅದ್ರಲ್ಲಿ ನಂದೂ ಕೈವಾಡ ಇದೆ ತಾಯೀ."

ಆಕೆ ನಗಲು ಶುರುಮಾಡಿದಳು. ಮೆಷಿನ್ನಿನ ಮೇಲೆ ತಲೆಯಿಟ್ಟು ನಕ್ಕಳು.

"ನನ್ನ ಯಾರ್ ಸಾರ್ ಆಚೆ ಹಾಕ್ತಾರೆ? ಮನೆ ನಮ್ಮಮ್ಮಂದು. ಸೂಟ್‌ಕೇಸ್ ತುಂಬಿ ಗೇಟಿನಾಚೆ ಇಟ್ಟೋಳು ನಾನು! ಅರ್ಥ ಆವತ್ತೇ ಹೇಳಿದ್ರೆ ಎರಡು ವರ್ಷ ಮುಂಚೆನೇ ಇಡ್ತಿದ್ದೆ."

ಮಾಸ್ಟರು ಬಾಯಿ ತೆರೆದು ನಿಂತಿದ್ದರು. ಆಕೆ ಹಾಡು ಕೇಳಬೇಕೆಂದಳು. ನಾನು ಮೊದಲಿನದನ್ನು, ಆ ಹೆಂಗಸು ಹಾಡಿದ್ದನ್ನು ಹಾಕಿದೆ. ಟ್ರಂಪೆಟ್ ಇಲ್ಲ, ಓಟ ಇಲ್ಲ. ಆಕೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೊನೆಯವರೆಗೂ ಕೇಳಿದಳು.

"ಇವ್ಳ ದನೀಲಿ ಕೋಪ ಇಲ್ಲ ನೋಡಿ ಸಾರ್," ಎಂದಳು. "ಸುಸ್ತಾಗಿದೆ ಅಷ್ಟೇ. ಮಳೆಗೆ ನೆನೀಬಾರ್ದು ಅಂತ ಬೇರೆ ಹೇಳ್ತಿದ್ದಾಳೆ. ನಾನೂ ಸೂಟ್‌ಕೇಸಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೆ."

ಅಷ್ಟರಲ್ಲಿ ಒಬ್ಬಾಕೆ ಬ್ಲೌಸಿನ ತೋಳು ಬಿಗಿಯಾಯಿತೆಂದು ಜಗಳ ಮಾಡುತ್ತ ಒಳಗೆ ಬಂದಳು, ನಾವು ಎದ್ದೆವು.

ಅವರನ್ನು ಮನೆ ಮುಟ್ಟಿಸಲು ನಾನೂ ಹತ್ತಿದ ಭದ್ರಾವತಿ ಬಸ್ಸಿನಲ್ಲಿ ಮಾಸ್ಟರು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡರು. "ಕೇಳಿದ್ಯಾ, ಒಂದು ಸಲ ಕೇಳಿ ಹೇಳಿಬಿಟ್ಲು. ಕೋಪ ಅಲ್ಲ, ಸುಸ್ತು. ನಾನು ಇಷ್ಟ್ ವರ್ಷ ಕೋಪದಲ್ಲೂ ಹಾಡಿಲ್ಲ, ಸುಸ್ತಲ್ಲೂ ಹಾಡಿಲ್ಲ ಮಾರಾಯ್ತಿ. ಬರೀ ಹಸಿವಲ್ಲಿ ಹಾಡಿದೀನಿ. ಆರ್ಕೆಸ್ಟ್ರಾದೋರಿಗೆ ಊಟ ಯಾವಾಗ್ಲೂ ಕೊನೇ ಪಂಕ್ತೀಲಿ."

"ಇನ್ನು ಸಾಕು ಮಾಸ್ಟರ್. ನಿಲ್ಲಿಸೋಣ."

"ಒಂದ್ ಮನೆ ಉಳ್ದಿದೆ," ಎಂದು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದರು. ಅಲ್ಲಿದ್ದುದು ಅವರದೇ ಮದುವೆ. ತಮ್ಮ ಆರತಕ್ಷತೆಯ ದಿನ ಅವರು ತಾವೇ ಮೈಕ್ ತೆಗೆದುಕೊಂಡು, ಹೆಂಡತಿಯ ಕಡೆ ತಿರುಗಿ, ಆ ಹಾಡನ್ನು ಮೊಟ್ಟಮೊದಲ ಸಲ ಜನರ ಮುಂದೆ ಹಾಡಿದ್ದರು. ಹನ್ನೆರಡು ಮನೆ ಸುತ್ತಿ ಬಂದ ಮನುಷ್ಯನಿಗೆ ಹದಿಮೂರನೆಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಐದು ನಿಮಿಷ ಹಿಡಿಯಿತು.

ಅಕ್ಕ ಹುರುಳಿಕಾಯಿ ಸೋಸುತ್ತಿದ್ದರು. ಮಾಸ್ಟರು ಎದುರಿಗೆ ಕುಳಿತು, ನನ್ನನ್ನೂ ಕೂರಿಸಿಕೊಂಡು, ತಪ್ಪೊಪ್ಪಿಗೆ ಮಾಡಿದರು. ಅರ್ಥ ಹೇಳಿದರು. "ಮದುವೆ ದಿನವೇ ನಿನ್ನ ಟ್ರಂಕ್ ತಗೊಂಡು ಹೋಗು ಅಂದುಬಿಟ್ಟಿದೀನಿ ಕಣೇ. ನಿನ್ ಮನಸ್ಸಿಗೆ ಯಾವತ್ತಾದ್ರೂ... ಹಂಗೆ ಏನಾದ್ರೂ..."

ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಲೇ, "ನಂಗೆ ಕೇಳಿಸ್ಲೇ ಇಲ್ಲ ರೀ" ಎಂದರು.

"ಏನು ಕೇಳಿಸ್ಲಿಲ್ಲ?"

"ನೀವು ಹಾಡಿದ್ದು. ಆವತ್ತು ಕರೆಂಟ್ ಹೋಗಿತ್ತಲ್ಲ. ಮೈಕ್ ಕೆಲ್ಸ ಮಾಡ್ತಿರ್ಲಿಲ್ಲ. ಬರೀ ದೀಪಕ್ಕೆ ಅಂತ ನಮ್ ಕುರ್ಚಿ ಹಿಂದೇನೇ ಜನರೇಟರ್ ಇಟ್ಟಿದ್ರು. ನೀವು ಬಾಯಿ ಆಡಿಸ್ತಿದ್ರಿ, ನಾನು ನೋಡ್ತಿದ್ದೆ. ಏನೋ ಹೇಳ್ತಿದ್ದಾರೆ ಪಾಪ ಅಂತ ತಲೆ ಆಡಿಸ್ದೆ."

ಮಾಸ್ಟರ ಮುಖದಲ್ಲಿ ಮೊದಲು ದೊಡ್ಡದೊಂದು ಸಮಾಧಾನ ಮೂಡಿತು. ಅದು ಅರ್ಧ ನಿಮಿಷವೂ ನಿಲ್ಲಲಿಲ್ಲ.

"ಒಂದು ಸಾಲೂ ಕೇಳಿಸ್ಲಿಲ್ವಾ?"

"ಇಲ್ಲ."

"ಮತ್ತೆ ಜನ ಚಪ್ಪಾಳೆ ಹೊಡೆದ್ರಲ್ಲೇ!"

"ಕರೆಂಟ್ ಬಂತಲ್ಲ, ಅದಕ್ಕೆ."

ಮಾಸ್ಟರು ನನ್ನ ಕಡೆ ನೋಡಿದರು. ಇಷ್ಟು ದಿನ ಊರಿನ ಸಂಸಾರಗಳಿಗಾಗಿ ಕೊರಗಿದ ಮನುಷ್ಯನ ಮುಖ ಈಗ ನಿಜವಾಗಿಯೂ ಬಿದ್ದುಹೋಗಿತ್ತು. "ಆಮೇಲಾದ್ರೂ, ಯಾವ್ದಾದ್ರೂ ಪ್ರೋಗ್ರಾಮಿಗೆ..."

"ನನ್ನ ಯಾವ ಪ್ರೋಗ್ರಾಮಿಗೆ ಕರ್ಕೊಂಡ್ ಹೋಗಿದೀರಿ? ಇಲ್ಲಿ ಪ್ರ್ಯಾಕ್ಟೀಸ್ ಮಾಡುವಾಗ ನಾನು ಒಳಗೆ ಎಲ್ರಿಗೂ ಕಾಫಿ ಮಾಡ್ತಿದ್ದೆ. ಸ್ಟವ್ ಸದ್ದು, ಮಿಕ್ಸಿ ಸದ್ದು. ಪೂರ್ತಿಯಾಗಿ ಒಂದು ಸಲಾನೂ ಕೇಳಿದ್ದೇ ಇಲ್ಲ."

ಮಾಸ್ಟರು ಒಂದು ಹುರುಳಿಕಾಯಿ ಎತ್ತಿಕೊಂಡು ತಾವೂ ನಾರು ತೆಗೆಯತೊಡಗಿದರು. ಎರಡು ಕಾಯಿ ಸೋಸಿದ ಮೇಲೆ ಅಕ್ಕ ಮೊರ ಬದಿಗಿಟ್ಟು, ಒಳಗೆ ಹೋಗಿ ಕುಕ್ಕರ್ ಆರಿಸಿ, ಫ್ಯಾನ್ ಆರಿಸಿ, ಬೀದಿಯ ಕಡೆಯ ಕಿಟಕಿ ಹಾಕಿ ಬಂದು, ಸೆರಗು ಸರಿಮಾಡಿಕೊಂಡು ಎದುರು ಕುಳಿತರು.

"ಹೂಂ, ಹಾಡಿ. ಕೇಳ್ತೀನಿ."

"ಯಾವ ಮಾತು ಹಾಕ್ಲಿ? ಅರ್ಥ ಹಂಗಿದೆಯಲ್ಲ..."

"ನಿಮ್ದೇ ಹಾಕಿ. ನಂಗೆ ಇಂಗ್ಲಿಷ್ ಬರಲ್ಲ."

ಊರೂರು ಛತ್ರಗಳಲ್ಲಿ ಹಾಡಿದ ಮನುಷ್ಯ ಎದ್ದು ನಿಂತರು, ಕೂತರು, ಮತ್ತೆ ನಿಂತರು. ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡರು. "ಶ್ರುತಿ ಕೊಡು" ಎಂದು ನನಗೆ ಹೇಳಿದರು. ಕೀಬೋರ್ಡ್ ಇರಲಿಲ್ಲ, ಬಾಯಲ್ಲೇ ಕೊಟ್ಟೆ. ಹಾಡಿದರು. ಎಲ್ಲ ಚರಣ, ಬಾಯಲ್ಲಿ ಮಾಡುವ ಟ್ರಂಪೆಟ್, ಒಂದನ್ನೂ ಬಿಡಲಿಲ್ಲ. ಆದರೆ ಓಡಿಸಲಿಲ್ಲ. ಆ ಪುಟ್ಟ ಕೋಣೆಗೆ ಎಷ್ಟು ಬೇಕೋ ಅಷ್ಟೇ ದನಿಯಲ್ಲಿ, ನಾನು ಎಂದೂ ಕೇಳದಷ್ಟು ನಿಧಾನವಾಗಿ ಹಾಡಿದರು. ಅಕ್ಕ ಕಣ್ಣು ಕೀಳದೆ ನೋಡುತ್ತಿದ್ದರು.

ಮುಗಿದ ಮೇಲೆ ಮಾಸ್ಟರು ಉಸಿರು ಹಿಡಿದು ನಿಂತರು.

ಅಕ್ಕ ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡರು. "ಚೆನ್ನಾಗಿದೆ ರೀ," ಎಂದರು. "ಒಂಚೂರು ಉದ್ದ ಆಯ್ತು."